ಅಮ್ಮನ ಅಪ್ಪ ಯಾರು?

ಕಾಸರಗೋಡಿನ ಪೆರ್ಲದ ಓದುಗರೊಬ್ಬರ ಪತ್ರ: ‘ಅಮ್ಮ ಹುಟ್ಟಿದ್ದು 1953ರಲ್ಲಿ. ಅವರ ಅಪ್ಪ ಯಾರೆಂದು ಅಜ್ಜಿ ಕೊನೆಯವರೆಗೂ ಬಾಯಿ ಬಿಡಲಿಲ್ಲ. ಊರವರು ತೀರಿಹೋದ ಮಾಷ್ಟ್ರೊಬ್ಬರ ಹೆಸರು ಹೇಳುತ್ತಾರೆ. ಅವರ ಮಗಳು ಮಂಜೇಶ್ವರದಲ್ಲಿದ್ದಾರೆ. ಅವರಿಗೆ ಗೊತ್ತಾಗದ ಹಾಗೆ ಕೂದಲು ತಂದು ಡಿಎನ್‌ಎ ಪರೀಕ್ಷೆ ಮಾಡಿಸಬಹುದಾ?’

ಬೇಡ, ದಯವಿಟ್ಟು ಬೇಡ. ಅದು ಆ ಮಗಳ ಅಪ್ಪನ ವಿಷಯವೂ ಹೌದಲ್ವಾ? 2025ರ ಜನವರಿಯಲ್ಲಿ ಕೇರಳದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇಂಥ ಪರೀಕ್ಷೆಗೆ ಒತ್ತಾಯಿಸುವ ಮೊದಲು ಖಾಸಗಿತನ, ಮರ್ಯಾದೆ ಎರಡನ್ನೂ ತೂಗಿ ನೋಡಬೇಕು ಎಂದಿದೆ. ಇನ್ನೊಂದು ಮಾತು. ಇಷ್ಟು ಉದ್ದದ ಪತ್ರದಲ್ಲಿ ಅಮ್ಮ ಏನನ್ನುತ್ತಾರೆ ಎಂಬುದೇ ಇಲ್ಲ. ಮೊದಲು ಅವರನ್ನು ಕೇಳಿ.

ಅವರು ಹೂಂ ಅಂದರೆ ಶಾಲೆಯ ದಾಖಲಾತಿ ಪುಸ್ತಕ ನೋಡಿ. ಆದರೆ ಅಲ್ಲಿ ಸಿಕ್ಕಿದ ಹೆಸರನ್ನೇ ಅಪ್ಪ ಎಂದುಕೊಳ್ಳಬೇಡಿ. ಅಳಿಯಸಂತಾನದ, ಅಂದರೆ ವಂಶವೂ ಆಸ್ತಿಯೂ ಹೆಣ್ಣಿನ ಕಡೆಯಿಂದ ಸಾಗುವ ಮನೆಗಳಲ್ಲಿ ಸೋದರಮಾವನೇ ಯಜಮಾನ, ರಕ್ಷಕನ ಜಾಗದಲ್ಲಿ ಅವನ ಹೆಸರೇ ಇರಬಹುದು. ಪಾಲುಪಟ್ಟಿಗಳೂ ಹೆಣ್ಣಿನ ಸಂತತಿಯನ್ನೇ ಹಿಡಿದು ಹೋಗುತ್ತವೆ. 1956ರ ನವೆಂಬರ್‌ವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಹಾಗಾಗಿ ಮಂಗಳೂರಿನಲ್ಲೂ ವಿಚಾರಿಸಿ.

ಇನ್ನು ಡಿಎನ್‌ಎ. ಅಪ್ಪನಿಂದ ಮಗನಿಗೆ ಹೋಗುವ ವೈ ಕ್ರೋಮೋಸೋಮ್ ಎಂಬ ಡಿಎನ್‌ಎ ಎಳೆ ಅಮ್ಮನಲ್ಲಿ ಇರುವುದಿಲ್ಲ. ಆದರೆ ಗಂಡಸಿಗೆ ಇರುವುದು ಒಂದೇ ಎಕ್ಸ್ ಕ್ರೋಮೋಸೋಮ್. ಅದು ಹೆಚ್ಚುಕಡಿಮೆ ಇಡಿಯಾಗಿ ಅವನ ಎಲ್ಲ ಹೆಣ್ಣುಮಕ್ಕಳಿಗೂ ಸೇರುತ್ತದೆ. ಮಾಷ್ಟ್ರೇ ಅಪ್ಪನಾಗಿದ್ದರೆ ಅಮ್ಮನಿಗೂ ಆ ಮಗಳಿಗೂ ಒಂದು ಎಕ್ಸ್ ಪೂರ್ತಿ ಹೊಂದಬೇಕು, ಒಟ್ಟು ಡಿಎನ್‌ಎಯಲ್ಲಿ ಸುಮಾರು ಶೇ 25 ಹೊಂದಬೇಕು. ಮಾಷ್ಟ್ರ ಅಣ್ಣನೋ ತಮ್ಮನೋ ಅಪ್ಪನಾಗಿದ್ದರೆ ಅದು ಸುಮಾರು ಶೇ 12.5ಕ್ಕೆ ಇಳಿಯುತ್ತದೆ, ಎಕ್ಸ್ ಕೂಡ ಸಾಮಾನ್ಯವಾಗಿ ಅಲ್ಲಲ್ಲಿ ಮಾತ್ರ ಹೊಂದುತ್ತದೆ. ನಮ್ಮ ಕಡೆ ಸೋದರಮಾವನ ಮಕ್ಕಳನ್ನು ಮದುವೆಯಾಗುವುದು ಇತ್ತಲ್ಲ, ಅದರಿಂದ ಈ ಲೆಕ್ಕ ಸ್ವಲ್ಪ ಜಾಸ್ತಿ ಬರಬಹುದು. ಅಜ್ಜಿಯ ಕಡೆಯವರೊಬ್ಬರ ಪರೀಕ್ಷೆಯೂ ಆದರೆ ಅಮ್ಮನ ತಾಯಿಯ ಕಡೆಯದನ್ನು ಬೇರ್ಪಡಿಸಲು ಸುಲಭ.

ವಿದೇಶಿ ಕಂಪನಿಗಳಿಗೆ ಸುಮ್ನೆ ಎಂಜಲು ಕಳಿಸಿ ಕಾದರೆ ಪ್ರಯೋಜನ ಕಡಿಮೆ, ಅವುಗಳ ಪಟ್ಟಿಯಲ್ಲಿ ನಮ್ಮವರು ಬಹಳ ಇಲ್ಲ. ಗೊತ್ತಿರುವ ಇಬ್ಬರನ್ನು ಹೋಲಿಸುವ ಲ್ಯಾಬ್ ಬೇಕು. ತಿರುವನಂತಪುರದ ರಾಜೀವ್ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರದಲ್ಲಿ ಕೇಳಿ ನೋಡಿ.

ಮಂಜೇಶ್ವರದವರಿಗೆ ಕಾಗದ ಬರೆಯಿರಿ. ಆಸ್ತಿ ಬೇಡ, ಹೆಸರು ತಿಳಿದರೆ ಸಾಕು ಎಂದು ಮೊದಲ ಸಾಲಿನಲ್ಲೇ ಹೇಳಿ, ಅದು ನಿಜವಾಗಿದ್ದರೆ. ಅವರು ಒಪ್ಪದಿದ್ದರೆ ಒತ್ತಾಯ ಬೇಡ. ಮಾಷ್ಟ್ರಿಗೆ ಒಡಹುಟ್ಟಿದ ತಂಗಿ ಇದ್ದರೆ ಅವರನ್ನು ಕೇಳಬಹುದು. ಸೋದರತ್ತೆಗೂ ಅಣ್ಣನ ಮಗಳಿಗೂ ಹೊಂದುವುದು ಸುಮಾರು ಶೇ 25.