ಜ್ವರ ಅಂತ ಅಡ್ಮಿಟ್ ಆದವರಿಗೆ ಮೂರೇ ದಿನದಲ್ಲಿ ಕಿಡ್ನಿ ತೊಂದರೆ ಯಾಕೆ ಬರುತ್ತದೆ?

ಹೆಚ್ಚಿನ ಸಲ ಕಿಡ್ನಿಗೆ ಸಾಕಷ್ಟು ರಕ್ತ ಸಿಗದಿರುವುದೇ ಕಾರಣ. ಮೊದಲೇ ಕಿಡ್ನಿ ರೋಗ ಇರಬೇಕೆಂದೇನಿಲ್ಲ.

ಹೃದಯ ಪಂಪ್ ಮಾಡುವ ರಕ್ತದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಕಿಡ್ನಿಗಳಿಗೇ ಹೋಗುತ್ತದೆ. ಅದನ್ನು ಸೋಸಲು ಒತ್ತಡ ಬೇಕು. ಮೇಲಿನ ಟ್ಯಾಂಕ್ ಖಾಲಿಯಾದರೆ ಕೆಳಗಿನ ನಲ್ಲಿ ತೊಟ್ಟಿಕ್ಕುತ್ತದೆ ಅಲ್ವಾ, ಹಾಗೆ. ಸೋಂಕು ಜೋರಾದಾಗ, ವಾಂತಿ-ಭೇದಿಯಾದಾಗ, ಆಪರೇಷನ್‌ನಲ್ಲಿ ರಕ್ತ ಜಾಸ್ತಿ ಹೋದಾಗ ಬಿಪಿ ಇಳಿಯುತ್ತದೆ. ಆಗ ಕಿಡ್ನಿ ಒಂದು ಉಪಾಯ ಮಾಡುತ್ತದೆ: ರಕ್ತ ಒಳಬರುವ ಸಣ್ಣ ನಾಳವನ್ನು ಹಿಗ್ಗಿಸಿ, ಹೊರಹೋಗುವ ನಾಳವನ್ನು ಬಿಗಿ ಮಾಡುತ್ತದೆ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಮೊದಲನೆಯದಕ್ಕೆ ಅಡ್ಡ ಬರುತ್ತದೆ. ರಾಮಿಪ್ರಿಲ್, ಟೆಲ್ಮಿಸಾರ್ಟನ್‌ನಂಥ ಬಿಪಿ ಮಾತ್ರೆ ಎರಡನೆಯದಕ್ಕೆ. ವರ್ಷಗಟ್ಟಲೆ ಒಗ್ಗಿದ್ದ ಮಾತ್ರೆಯೇ ಈಗ ಮುಳುವಾಗುವುದು ಹೀಗೆ. ಹಾಗಂತ ನೀವೇ ನಿಲ್ಲಿಸಬೇಡಿ. ಮನೆಯಿಂದ ತಂದ ಮಾತ್ರೆಗಳನ್ನೆಲ್ಲ ಡಾಕ್ಟರಿಗೆ ತೋರಿಸಿ.

ರಕ್ತದಲ್ಲಿ ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ 48 ಗಂಟೆಯೊಳಗೆ 0.3 ಅಂಕ ಏರಿದರೂ ತೊಂದರೆ ಎಂದೇ ಲೆಕ್ಕ. ಆದರೆ ಅದು ಏರುವುದು ಕಿಡ್ನಿಗೆ ಪೆಟ್ಟು ಬಿದ್ದ ಮೇಲೆ, ನಿಧಾನವಾಗಿ. ಅದಕ್ಕೇ ನಾನಂತೂ ಮಂಚಕ್ಕೆ ತೂಗುಹಾಕಿರುವ ಯೂರಿನ್ ಬ್ಯಾಗ್ ಮೇಲೆ ಕಣ್ಣಿಡಿ ಎನ್ನುತ್ತೇನೆ. 60 ಕೆಜಿ ತೂಕದವರಿಗೆ 6 ಗಂಟೆಯಲ್ಲಿ 180 ಎಂಎಲ್ ಕೂಡ ಬಾರದಿದ್ದರೆ ರಿಪೋರ್ಟ್‌ಗೆ ಕಾಯದೆ ನರ್ಸ್‌ಗೆ ಹೇಳಿ. ಬೇಗ ಗೊತ್ತಾದರೆ ಎಷ್ಟೋ ಜನರಿಗೆ ಡಯಾಲಿಸಿಸ್ ಬೇಕಾಗುವುದೇ ಇಲ್ಲ.