ಎಲ್ಲರ ಉಸಿರೂ 18: ಒಂದು ಆಪ್ತಸಲಹೆ ಪ್ರಕರಣ

ವಿದ್ಯಾರ್ಥಿನಿಯ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಆಕೆಗೆ 20 ವರ್ಷ. ಕಲಬುರಗಿಯಲ್ಲಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಎರಡನೇ ವರ್ಷ ಓದುತ್ತಿದ್ದಳು. ಊರು ಆಳಂದ ತಾಲೂಕಿನ ಹಳ್ಳಿ. ಪಿಯುಸಿವರೆಗೆ ಕನ್ನಡ ಮಾಧ್ಯಮ, ಇಲ್ಲಿ ಬಂದರೆ ಪುಸ್ತಕವೆಲ್ಲ ಇಂಗ್ಲಿಷ್. ಕಾಲೇಜಿನವರು ಅಪ್ಪನನ್ನು ಕರೆಸಿ, "ಮಗಳನ್ನು ಕರೆದುಕೊಂಡು ಹೋಗಿ, ಮುಂದೇನು ಅಂತ ತಿಳಿಸುತ್ತೇವೆ" ಎಂದಿದ್ದರು. ಅಪ್ಪ ಮಗಳು ಇಬ್ಬರೂ ನನ್ನ ಹತ್ತಿರ ಬಂದಾಗ ಆಕೆ ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ಆಗಿದ್ದು ಇಷ್ಟು. ಎಳ್ಳಮವಾಸ್ಯೆಗೆಂದು ಊರಿಗೆ ಹೋದಳು. ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ ಉಂಡು ಮರುದಿನ ವಾಪಸ್ ಬರಬೇಕಿತ್ತು. ಆದರೆ ತೊಗರಿ ಕೊಯ್ಲಿನ ಟೈಮು, ಆಳು ಸಿಗಲಿಲ್ಲ. ಅವ್ವನಿಗೆ ಸೊಂಟ ನೋವು. ಒಂಬತ್ತು ದಿನ ಅಲ್ಲೇ ಉಳಿದಳು. ಅಷ್ಟೂ ದಿನ ಗೆಳತಿ ವಾರ್ಡಿನ ರಿಜಿಸ್ಟರ್‌ನಲ್ಲಿ ಈಕೆಯ ಸಹಿ ಹಾಕಿದಳು. ಮರಳಿ ಬಂದ ಮೇಲೆ ಬಾಕಿ ಕೇಸ್ ಬುಕ್ ಬರೆಯುತ್ತಾ ರಾತ್ರಿ ಎರಡಾಯಿತು. ಬೆಳಿಗ್ಗೆ ಮಹಿಳಾ ವಾರ್ಡಿನಲ್ಲಿ ಐದು ಪೇಶಂಟ್‌ಗಳ ಟಿಪಿಆರ್, ಅಂದರೆ ಜ್ವರ, ನಾಡಿ, ಉಸಿರು ನೋಡಿ ಚಾರ್ಟಿನಲ್ಲಿ ಬರೆಯಲು ಹೇಳಿದರು. ನೋಡಲಿಲ್ಲ. ಐದೂ ಜನರಿಗೆ ಒಂದೇ ಬರೆದಳು: ಜ್ವರ 98.6, ನಾಡಿ 72, ಉಸಿರು 18.

ಸ್ವಲ್ಪ ಹೊತ್ತಿಗೆ ಸ್ಟಾಫ್ ನರ್ಸ್ ಇಂಜೆಕ್ಷನ್ ಕೊಡಲು ಹೋಗಿ ಒಬ್ಬ ಅಜ್ಜಿಯ ಕೈ ಮುಟ್ಟಿದರೆ ಸುಡುತ್ತಿತ್ತು. ಥರ್ಮಾಮೀಟರ್ ಇಟ್ಟರೆ 102. ಚಾರ್ಟ್ ಯಾರು ಬರೆದಿದ್ದು ಅಂತ ವಿಚಾರಣೆ ಶುರುವಾಗಿ ಸಹಿಯ ಸಂಗತಿಯೂ ಹೊರಬಿತ್ತು. ಅಜ್ಜಿಗೆ ಕೂಡಲೇ ಚಿಕಿತ್ಸೆ ಸಿಕ್ಕಿತು, ಅಪಾಯವಾಗಲಿಲ್ಲ.

ಮೊದಲು ಆಕೆಯೊಬ್ಬಳನ್ನೇ ಕೂರಿಸಿಕೊಂಡು ಮಾತಾಡಿದೆ. "ಸಾಯಬೇಕು ಅಂತ ಅನಿಸಿದೆಯಾ?" ಅಂತ ನೇರವಾಗಿ ಕೇಳಿದೆ. ಇಂಥ ಪ್ರಶ್ನೆ ಕೇಳಿದರೆ ಆ ಯೋಚನೆ ನಾವೇ ತಲೆಗೆ ತುಂಬಿದಂತೆ ಅಂತ ಜನ ಹೆದರುತ್ತಾರೆ. ಹಾಗಿಲ್ಲ, ಕೇಳಲೇಬೇಕು. "ಸಾಯೋದಲ್ರಿ ಮೇಡಂ, ಯಾರಿಗೂ ಕಾಣದಂಗ ಎಲ್ಲ್ಯಾರ ಹೋಗಬೇಕನಸ್ತದ" ಅಂದಳು. ರಾತ್ರಿ ಹೊತ್ತು ಮನಸ್ಸು ಕೆಟ್ಟರೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಬರೆದುಕೊಟ್ಟೆ. ಅದಕ್ಕೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಆಮೇಲೆ ಆಕೆ ತನ್ನ ವಾದ ಹೇಳಿದಳು. "ಅಲ್ಲಿ ಎಲ್ಲದಕ್ಕೂ ಬೈತಾರ್ರಿ. ಬಳಿ ಹಾಕಿದ್ರೂ ಫೈನು, ಹಾಸ್ಟೆಲ್‌ನಾಗ ಫೋನ್ ಹಿಡಿದ್ರೂ ಫೈನು, ಲೇಟಾದ್ರೂ ಫೈನು. ಒಟ್ಟ ಸಿಗಬಾರದು, ಅಷ್ಟೇ ನೋಡಕೋತ ಇದ್ದಿವ್ರಿ."

ಈ ಮಾತು ನನಗೆ ಮುಖ್ಯ ಅನಿಸಿತು. ನರ್ಸಿಂಗ್ ಓದುವವರಿಗೆ ನಿಯಮಗಳು ಜಾಸ್ತಿ, ನಿಜ. ಆದರೆ ಎಲ್ಲವೂ ಒಂದೇ ತೂಕದ್ದಲ್ಲ. ವಾರ್ಡಿನಲ್ಲಿ ಬಳೆ, ಉಂಗುರ, ಉದ್ದ ಉಗುರು ಬೇಡ ಅನ್ನುವುದು ಪೇಶಂಟ್‌ಗಾಗಿ. ಬಳೆಯ ಸಂದಿಯಲ್ಲಿ, ಉಗುರಿನ ಕೆಳಗೆ ಸೋಂಕು ಉಳಿಯುತ್ತದೆ, ಕೈ ತೊಳೆದರೂ ಪೂರ್ತಿ ಹೋಗುವುದಿಲ್ಲ. ಹಾಸ್ಟೆಲ್‌ನಲ್ಲಿ ವಾರಕ್ಕೊಮ್ಮೆ ಮಾತ್ರ ಫೋನ್ ಅನ್ನುವುದು ಸಂಸ್ಥೆಯ ಅನುಕೂಲಕ್ಕೆ. ಅದನ್ನು ಬದಲಿಸಿ ಅಂತ ಕೇಳುವ ಹಕ್ಕು ವಿದ್ಯಾರ್ಥಿಗಳಿಗೆ ಇರಬೇಕು. ಎರಡಕ್ಕೂ ಒಂದೇ ಬೈಗುಳ, ಒಂದೇ ಫೈನ್ ಇಟ್ಟರೆ ಹುಡುಗಿಯರಿಗೆ ವ್ಯತ್ಯಾಸ ತಿಳಿಯುವುದು ಹೇಗೆ? ಇದನ್ನು ಕಾಲೇಜಿನವರಿಗೂ ಹೇಳಿದೆ.

ಆದರೆ ಆಕೆಯ ತಪ್ಪನ್ನು ನಾನು ಹಗುರ ಮಾಡಲಿಲ್ಲ. ರಜೆ ಕೇಳದೆ ಉಳಿದಿದ್ದು ಒಂದು ತಪ್ಪು. ಚಾರ್ಟಿನಲ್ಲಿ ಸುಳ್ಳು ಬರೆದಿದ್ದು ಬೇರೆಯೇ ಜಾತಿಯ ತಪ್ಪು. ಡಾಕ್ಟರ್ ರೌಂಡ್ಸ್‌ಗೆ ಬಂದು ಆ ಅಂಕಿ ನೋಡಿಯೇ ಔಷಧಿ ಮುಂದುವರಿಸುತ್ತಾರೆ. ಖಾಲಿ ಬಿಟ್ಟಿದ್ದರೆ "ಯಾಕೆ ನೋಡಿಲ್ಲ" ಅಂತ ಯಾರಾದರೂ ಕೇಳುತ್ತಿದ್ದರು. 98.6 ಅಂತ ಬರೆದ ಮೇಲೆ ಯಾರೂ ಕೇಳುವುದಿಲ್ಲ.

"ಉಸಿರು ಹೇಗೆ ಎಣಿಸುತ್ತೀರಿ, ತೋರಿಸಮ್ಮ" ಅಂದೆ. ನನ್ನ ಮಣಿಕಟ್ಟು ಹಿಡಿದಳು. ನಾಡಿ ಎಣಿಸಿ ಮುಗಿದರೂ ಬೆರಳು ತೆಗೆಯಲಿಲ್ಲ, ಕಣ್ಣು ಮಾತ್ರ ನನ್ನ ಎದೆಯ ಕಡೆ ಸರಿಯಿತು. ಉಸಿರು ಎಣಿಸುತ್ತಿದ್ದಾರೆಂದು ಗೊತ್ತಾದರೆ ಪೇಶಂಟ್ ಉಸಿರಾಡುವ ರೀತಿಯೇ ಬದಲಾಗುತ್ತದೆ, ಅದಕ್ಕೇ ಹೀಗೆ. ಒಂದು ನಿಮಿಷ ಪೂರ್ತಿ ಎಣಿಸಿ, "16 ರೀ" ಅಂದಳು. ವಿದ್ಯೆ ಕೈಯಲ್ಲಿತ್ತು. ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಸಹಜ, ಕಾಯಿಲೆ ಬಿಗಡಾಯಿಸುವಾಗ ಎಷ್ಟೋ ಸಲ ಮೊದಲು ಏರುವುದು ಉಸಿರೇ ಅಂತ ಆಕೆಯೇ ನನಗೆ ವಿವರಿಸಿದಳು. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟಳು.

ಅಪ್ಪನ ಮಾತು ಬೇರೆ ಇತ್ತು. "ಸಾಕ್ರಿ ಮೇಡಂ, ಮರ್ಯಾದಿ ಹೋಯ್ತು. ಒಂದ್ ಸಂಬಂಧ ಬಂದದ, ಮದಿವಿ ಮಾಡಿಬಿಡ್ತೀನಿ." ನಾನು ಕೇಳಿದೆ: "ಯಜಮಾನ್ರೇ, ತೊಗರಿ ಕೊಯ್ಯಲಿಕ್ಕೆ ಮಗಳನ್ನು ಉಳಿಸಿಕೊಂಡವರು ಯಾರು?" ಬಹಳ ಹೊತ್ತು ಸುಮ್ಮನಿದ್ದು, "ನಾವೇ ರೀ" ಅಂದರು. ಮೂರು ವರ್ಷದ ಕೋರ್ಸಿನಲ್ಲಿ ಅರ್ಧ ದಾರಿ ಆಗಿದೆ. ಕಾಲೇಜು ತೀರ್ಮಾನ ಹೇಳುವವರೆಗೆ ಮದುವೆಯ ಮಾತು ಎತ್ತಬೇಡಿ ಅಂತ ಕೇಳಿಕೊಂಡೆ. ಒಪ್ಪಿದರು.

ಹಾಜರಾತಿಯ ಲೆಕ್ಕ ಇಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಪರೀಕ್ಷೆಗೆ ಕೂರಲು ಪ್ರತಿ ವಿಷಯದ ಥಿಯರಿ, ಪ್ರಾಕ್ಟಿಕಲ್ ಎರಡರಲ್ಲೂ 80% ಹಾಜರಾತಿ ಬೇಕು. ಡಿಪ್ಲೊಮಾ ಕೈಗೆ ಬರುವ ಮೊದಲು ಪ್ರಾಕ್ಟಿಕಲ್ 100% ಮುಗಿಸಿರಬೇಕು. ಅಂದರೆ ತಪ್ಪಿಸಿದ ಡ್ಯೂಟಿಯನ್ನು ಮತ್ತೆ ಮಾಡಲೇಬೇಕು, ಫೈನ್ ಕಟ್ಟಿದರೆ ತೀರುವುದಿಲ್ಲ.

ನಾನು ಕೊಟ್ಟ ಸಲಹೆ ಇದು. ಪ್ರಿನ್ಸಿಪಾಲರಿಗೆ ಪತ್ರ ನೀನೇ ಬರಿ, ಅಪ್ಪನ ಕೈಯಲ್ಲಿ ಬರೆಸಬೇಡ. ಕನ್ನಡದಲ್ಲೇ ಬರಿ, ಪರವಾಗಿಲ್ಲ. ಏನೇನು ಮಾಡಿದೆ ಅನ್ನುವುದನ್ನು ಮುಚ್ಚಿಡದೆ ಹೇಳು, ಗೆಳತಿಯ ಮೇಲೆ ಹಾಕಬೇಡ. ಒಂಬತ್ತು ದಿನದ ಡ್ಯೂಟಿಯನ್ನು ರಜೆಯಲ್ಲಿ ಮಾಡಿಕೊಡುತ್ತೇನೆ ಅಂತ ಕೇಳು, ಪ್ರತಿ ಇಟ್ಟುಕೋ. ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಹೋಗಿ ಬಾಯಿಬಿಟ್ಟು ಹೇಳು. ಇನ್ನು ಮುಂದೆ ನೋಡಲಾಗದಿದ್ದರೆ ಚಾರ್ಟ್ ಖಾಲಿ ಬಿಟ್ಟು, "ಸಿಸ್ಟರ್, ನನ್ನ ಕೈಲಿ ಆಗಲಿಲ್ಲ" ಅನ್ನು. ಬೈಸಿಕೊಂಡರೂ ಸರಿ. ಸುಗ್ಗಿಗೆ ಮನೆಯಲ್ಲಿ ಕೆಲಸವಿದ್ದರೆ ಮೊದಲೇ ರಜೆ ಕೇಳು, ಕೊಡದಿದ್ದರೆ "ನನಗೆ ಬರಲಾಗದು" ಅಂತ ಅಪ್ಪನಿಗೆ ಹೇಳು. ಈ ಕೊನೆಯ ಮಾತನ್ನು ಅಪ್ಪನ ಎದುರೇ ಹೇಳಿದೆ.

ಕಾಲೇಜು ಆಕೆಯನ್ನು ತೆಗೆದುಹಾಕಲಿಲ್ಲ. ಲಿಖಿತ ಎಚ್ಚರಿಕೆ ಕೊಟ್ಟರು, ರಜೆಯಲ್ಲಿ ಡ್ಯೂಟಿ ಹಾಕಿದರು, ಕೆಲವು ವಾರ ಆಕೆ ಬರೆದ ಪ್ರತಿ ಚಾರ್ಟನ್ನು ಟ್ಯೂಟರ್ ಮತ್ತೊಮ್ಮೆ ನೋಡಿ ಸಹಿ ಹಾಕುತ್ತಿದ್ದರು. ಹಾಗೆ ನೋಡಿದ್ದು ಒಳ್ಳೆಯದೇ ಆಯಿತು, ಆಕೆಗೇ ಧೈರ್ಯ ಬಂತು. ಹಾಸ್ಟೆಲ್ ಫೋನಿನ ನಿಯಮ ಹಾಗೇ ಇದೆ. ಸಹಿ ಹಾಕಿದ ಗೆಳತಿಗೂ ಎಚ್ಚರಿಕೆ ಕೊಟ್ಟಿದ್ದಾರೆ. ಇಬ್ಬರ ನಡುವೆ ಈಗ ಮಾತಿಲ್ಲ. ಗೆಳತಿಯೂ ಬರುವುದಾದರೆ ಮುಂದಿನ ಸಲ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುತ್ತೇನೆ ಅಂತ ಹೇಳಿದ್ದೇನೆ.