ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಇಸಿಜಿ ಆಗದಿದ್ದರೆ

ಎದೆನೋವು ಅಂತ ಹೋದ ನಿಮ್ಮ ತಂದೆಯವರನ್ನು ಇಸಿಜಿ ಕೂಡ ಮಾಡದೆ ಜಿಲ್ಲಾ ಆಸ್ಪತ್ರೆಗೆ ಕಳಿಸಿದ್ದಾರೆ, ಈಗ ಏನು ಮಾಡಬೇಕು ಅಂತ ಕೇಳಿದ್ದೀರಿ. ರಾತ್ರಿ ಪಾಳಿಯಲ್ಲಿ ಯಂತ್ರ ನಡೆಸಲು ಬರುವವರು ಇಲ್ಲದಿರುವುದೇ ಕಾರಣ ಇರಬಹುದು. ನಮ್ಮಲ್ಲೂ ಅದೇ ಆಗಿತ್ತು. ನಿಮ್ಮಲ್ಲೂ ಅದೇನಾ ಅಂತ ದಾಖಲೆ ನೋಡಿದರೇ ಖಚಿತ.

ಮೊದಲು ರೆಫರಲ್ ಚೀಟಿಯ ನಕಲು ತೆಗೆದಿಡಿ. ತಲುಪಿದ, ಹೊರಟ ಸಮಯ ಬರೆದಿಡಿ. ಹೃದಯಾಘಾತದಲ್ಲಿ ಪ್ರತಿ ನಿಮಿಷವೂ ಮುಖ್ಯ ಅಲ್ವಾ, ಮುಂದೆ ಕೊಡುವ ಅರ್ಜಿಗೆ ಈ ಸಮಯಗಳೇ ಜೀವ.

ಆಮೇಲೆ 10 ರೂಪಾಯಿ ಕಟ್ಟಿ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೃದಯಾಘಾತಕ್ಕೆ ತುರ್ತು ಚಿಕಿತ್ಸೆ ಕೊಡುವ ರಾಜ್ಯದ ಹೃದಯ ಜ್ಯೋತಿ ಯೋಜನೆಯಲ್ಲಿ ರಾತ್ರಿ ಎಷ್ಟು ಇಸಿಜಿ ಆಗಿವೆ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಎಷ್ಟು ದಾಸ್ತಾನಿತ್ತು ಅಂತ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು.

ಅದನ್ನಿಟ್ಟುಕೊಂಡು ಆಸ್ಪತ್ರೆಯ ನಿರ್ವಹಣೆ ನೋಡಿಕೊಳ್ಳುವ ಆರೋಗ್ಯ ರಕ್ಷಾ ಸಮಿತಿಗೆ ಮನವಿ ಕೊಡಿ, ಒಂದು ಪ್ರತಿ ಡಿಎಚ್‌ಒಗೆ (ಜಿಲ್ಲಾ ಆರೋಗ್ಯಾಧಿಕಾರಿಗೆ). ಸುಮ್ನೆ "ಕ್ರಮ ಕೈಗೊಳ್ಳಿ" ಅನ್ನಬೇಡಿ. "ರಾತ್ರಿ ಪಾಳಿಯ ನರ್ಸ್‌ಗಳಿಗೆ ಇಸಿಜಿ ತರಬೇತಿ ಕೊಡಿ" ಅಂತಲೇ ಬರೆಯಿರಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.